ಮಾಸಿನ ಬಾಳೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 7.10

ಚಹಾ ಆಯಿತು. ಪತ್ರಿಕೆ ಬಂದಿದೆ. ಕೆಂಪು ಪೆನ್ಸಿಲನ್ನು ಚೂಪು ಮಾಡಿಟ್ಟುಕೊಂಡಿದ್ದೇನೆ. ಲೊವಿಸಾ ಅಡುಗೆಗೆ ಬಾಳೆ ಎಲೆ ಕೊಯ್ಯಲು ಪಕ್ಕದ ಮನೆಯ ಕತ್ತಿ ತರಲು ಹೋಗಿದ್ದಾಳೆ. ನಮ್ಮ ಕತ್ತಿಯ ಹಿಡಿ ಸೀಳಿ ಹತ್ತು ದಿನವಾಯಿತು. ಇಂದೂ ಹೊಸ ಹಿಡಿ ಹಾಕಿಸದಿದ್ದರೆ ಎಲೆಯಲ್ಲಿ ಕಟ್ಟಿ ಬೇಯಿಸುವ ಮಟೋಕೆ ಬಾಳೆಕಾಯನ್ನು ಹಸಿಯಾಗಿಯೇ ಬಡಿಸುತ್ತಾಳಂತೆ. ಐವತ್ತು ವರ್ಷದ ದಾಂಪತ್ಯದಲ್ಲಿ ಇದು ಎಷ್ಟನೆಯ ಎಚ್ಚರಿಕೆಯೋ.

ಮೂರನೆಯ ಪುಟದಲ್ಲಿ ಕೃಷಿ ಮಂತ್ರಿಗಳ ಪ್ರಕಟಣೆ. ಭಾಷೆಯ ತಪ್ಪು ಮೂರು. ಮೂರಕ್ಕೂ ಸುತ್ತು ಹಾಕಿದೆ. ನಾಲ್ಕನೆಯದು ಭಾಷೆಯ ತಪ್ಪಲ್ಲ — ಬಾಡುರೋಗ ಒಂದೇ ಒಂದು ಗಿಡದಲ್ಲಿ ಕಂಡರೂ ಇಡೀ ಬಾಳೆ ತೋಟವನ್ನು ಬುಡಸಮೇತ ಕಿತ್ತು ಹೂಳಲಾಗುವುದು. ನಮ್ಮ ಜಿಲ್ಲೆಯಲ್ಲಿ ಮಾರ್ಚ್ ಒಂದರಿಂದ ಆರಂಭ. ಕೆಳಗೆ ಹೆಸರು: ಡಾಕ್ಟರ್ ಝಕಾಲಿಯಾ ಲುಬ್ವಾಮಾ.

ನನ್ನ ಶಿಷ್ಯ. ಪಕ್ಕದ ಮನೆಯವನು.

ನಾಲ್ಕು ಸಲ ಓದಿದೆ. ಆಮೇಲೆ ಮೇಜಿನ ಖಾನೆಯಿಂದ ಅವನ ಕಿರುಪುಸ್ತಕವನ್ನು ತೆಗೆದೆ. ಮೂವತ್ತೆರಡು ಪುಟ. ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷ ದುಡಿದು ಕಂಡುಕೊಂಡದ್ದನ್ನು ರೈತರಿಗೆಂದು ಬರೆದದ್ದು. ನಮ್ಮ ಮಾತಿನಲ್ಲಿ ಅದನ್ನು ತಿದ್ದಿಕೊಟ್ಟವನು ನಾನು. ಪುಟ ಹತ್ತೊಂಬತ್ತು: ‘ರೋಗ ಬಂದ ಗಿಡವೊಂದನ್ನೇ ನೆಲಮಟ್ಟಕ್ಕೆ ಕಡಿಯಿರಿ. ಕತ್ತಿಯನ್ನು ಪ್ರತಿ ಸಲವೂ ಬೆಂಕಿಗೆ ಹಿಡಿಯಿರಿ. ತೋಟವನ್ನು ಕೀಳಬೇಡಿ; ತೋಟ ತಾನಾಗಿ ಚೇತರಿಸಿಕೊಳ್ಳುತ್ತದೆ.’

ಎರಡೂ ಬರಹಗಳ ಕೆಳಗೆ ಒಂದೇ ಹೆಸರು.

ಫೆಬ್ರವರಿ 5, ಬುಧವಾರ

ನಿನ್ನೆಯೆಲ್ಲ ಅವನದೇ ಯೋಚನೆ.

ಎರಡನೆಯ ತರಗತಿಯಲ್ಲಿ ಬರಿಗಾಲಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಕಿಟಕಿಯಾಚೆಗಿನ ಬಾಳೆಯಲ್ಲಿ ಎಷ್ಟು ಎಲೆ ಎಂದು ಎಣಿಸುತ್ತಿದ್ದ. ಬೆತ್ತ ತೋರಿಸಿದೆ. ನಿನ್ನೆಗಿಂತ ಒಂದು ಹೆಚ್ಚಿದೆ ಎಂದ. ಬೆತ್ತವನ್ನು ಕೆಳಗಿಟ್ಟೆ. ಮುಂದೆ ಬೆಲ್ಜಿಯಂನಲ್ಲಿ ಗಿಡಗಳ ರೋಗದ ಬಗ್ಗೆ ಓದಿ ಡಾಕ್ಟರ್ ಆಗಿ ಬಂದ. ಬೇರೆಯವರಂತೆ ಅಲ್ಲಿಯೇ ಉಳಿಯಲಿಲ್ಲ. ತೋಟ ತೋಟಕ್ಕೆ ನಡೆದ. ಹೆಂಗಸರ ಜೊತೆ ನೆಲದ ಮೇಲೆ ಕೂತು ಕಾಯಿ ಸುಲಿಯುತ್ತ ಕೇಳಿದ, ಬರೆದುಕೊಂಡ. ಗೊನೆಯ ತುದಿಯ ಹೂವನ್ನು ಕತ್ತಿಯಿಂದ ಕೊಯ್ಯಬೇಡಿ, ಕವಲುಕೋಲಿನಿಂದ ತಿರುಚಿ ಮುರಿಯಿರಿ, ರೋಗ ಹರಡುವುದಿಲ್ಲ ಎಂದು ಕಲಿಸಿದ. ಈ ಗುಡ್ಡದಲ್ಲಿ ಇಂದಿಗೂ ಆ ಕೋಲಿಗೆ ‘ಡಾಕ್ಟರು’ ಎಂದೇ ಹೆಸರು. ‘ಡಾಕ್ಟರು ಎಲ್ಲಿ?’ ಎಂದು ಲೊವಿಸಾ ಕೇಳಿದರೆ ಅದು ಅಡುಗೆಮನೆಯ ಬಾಗಿಲ ಹಿಂದಿರುತ್ತದೆ.

ಎರಡು ವರ್ಷದ ಹಿಂದೆ ಮಂತ್ರಿ ಮಾಡಿದರು. ಅಂದು ಗುಡ್ಡವೆಲ್ಲ ಡೋಲು ಬಾರಿಸಿತು. ನಾನೂ ಕುಣಿದೆ. ಬರೆದಿಡಲು ನಾಚಿಕೆ. ಆದರೆ ಕುಣಿದದ್ದು ನಿಜ.

ಬಾಳೆ ಕಿತ್ತರೆ ಮತ್ತೆ ನೆಟ್ಟು ಗೊನೆ ಕಾಣಲು ಹದಿನೆಂಟು ತಿಂಗಳು. ಅಲ್ಲಿಯವರೆಗೆ ಇಲ್ಲಿಯ ಮನೆಗಳು ಏನು ತಿನ್ನಬೇಕು? ಇದು ಅವನಿಗೆ ಗೊತ್ತಿಲ್ಲದ್ದಲ್ಲ.

ಫೆಬ್ರವರಿ 9, ಭಾನುವಾರ. ಚರ್ಚಿನಿಂದ ಬಂದಮೇಲೆ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದೆ.

ನಬುಕೇರಾ ಅಕ್ಕ — ಲುಬ್ವಾಮಾನ ತಾಯಿ, ನನಗಿಂತ ಆರು ವರ್ಷ ದೊಡ್ಡವರು — ಇಂದು ಪ್ರಾರ್ಥನೆಗೆ ಬಂದಿರಲಿಲ್ಲ. ನೋಡಿ ಬರೋಣವೆಂದು ಹೋದೆ. ಮನೆಯಲ್ಲಿಲ್ಲ. ತೋಟದೊಳಗೆ ಹೋದೆ. ನಡುವೆ ಮರದ ತೊಗಟೆಯಿಂದ ಮಾಡಿದ ಬಟ್ಟೆಯನ್ನು ಒಣಹಾಕಿದಂತೆ ಹಗ್ಗಕ್ಕೆ ಹರವಿದ್ದರು. ಮಣ್ಣು ಮಾಡುವಾಗ ಹೊದಿಸುವ ಬಟ್ಟೆಯನ್ನು ಯಾರೂ ತೋಟದಲ್ಲಿ ಒಣಹಾಕುವುದಿಲ್ಲ. ಸರಿಸಿ ನೋಡಿದೆ.

ಹಿಂದೆ ಅಕ್ಕ, ಕತ್ತಿ ಹಿಡಿದು ನಿಂತಿದ್ದರು. ಅವರ ಮುಂದೆ ಲುಬ್ವಾಮಾನ ಮಾಸಿನ ಬಾಳೆ. ಐವತ್ತೆರಡು ವರ್ಷದ ಹಿಂದೆ ಅವನು ಹುಟ್ಟಿದ ದಿನ ಹೆರಿಗೆಯಲ್ಲಿ ಬಿದ್ದ ಮಾಸನ್ನು ಹೂತದ್ದು ಅದರ ಬುಡದಲ್ಲಿ. ಅದರ ಬುಡದಿಂದೆದ್ದ ಒಂದು ಕಂದಿನ ಎಲೆಗಳು ಹಳದಿಗೆ ತಿರುಗಿ ಮುದುಡಿವೆ. ಹೊಸದಾಗಿ ಕೊಯ್ದ ಕಡೆಯಲ್ಲಿ ಹಳದಿ ಕೀವು.

ದಿನಾ ಬೆಳಿಗ್ಗೆ ಹಳದಿ ಎಲೆಯನ್ನು ಸವರಿ ಮುಚ್ಚಿಡುತ್ತಿದ್ದಾರೆ. ಆಮೇಲೆ ಅದೇ ಕತ್ತಿಯಿಂದ ಬೇರೆ ಗಿಡಗಳಲ್ಲಿ ಅಡುಗೆಗೆ ಎಲೆ ಕೊಯ್ಯುತ್ತಾರೆ. ಎಣಿಸಿದೆ. ಇನ್ನೂ ಏಳು ಬುಡಗಳಲ್ಲಿ ಹಳದಿ ಶುರುವಾಗಿದೆ.

ಆ ಒಂದು ಕಂದನ್ನು ಇಂದೇ ಕಡಿಯೋಣ, ಕತ್ತಿಯನ್ನು ಬೆಂಕಿಗೆ ಹಿಡಿಯೋಣ, ಉಳಿದ ಏಳನ್ನೂ ಹಾಗೆಯೇ ನೋಡಿಕೊಳ್ಳೋಣ, ನಿಮ್ಮ ಮಗನೇ ಬರೆದ ದಾರಿ ಇದು ಎಂದೆ. ಬೇಡವೆಂದು ತಲೆಯಾಡಿಸಿದರು.

“ಆ ಗಿಡಕ್ಕೆ ಕತ್ತಿ ಹಾಕೋಕೆ ಇಬ್ರಿಗೇ ಹಕ್ಕು, ಮೇಷ್ಟ್ರೇ. ಅವನ ಅಪ್ಪನ ತಾಯಿಗೆ, ಇಲ್ಲಾ ಅವನಿಗೆ. ಅತ್ತೆ ಮಣ್ಣಾಗಿ ಮೂವತ್ತು ವರ್ಷ ಆಯ್ತು. ನಾನು ಎಲೆ ಸವರಬಹುದು, ಅಷ್ಟೇ.”

ಹಾಗಾದರೆ ಅವನಿಗೇ ಹೇಳಿ ಕಳಿಸೋಣ ಎಂದೆ. ಅದೂ ಕೂಡದು. ಮಾಸಿನ ಬಾಳೆ ಬಾಡಿದೆ ಎಂಬ ಮಾತನ್ನು ಆ ಮನುಷ್ಯನ ಕಿವಿಗೆ ಹಾಕಬಾರದು. ಅವನೇ ಬಂದು ಕಣ್ಣಾರೆ ನೋಡಬೇಕು. ಈ ಗುಡ್ಡದಲ್ಲಿ ಹುಟ್ಟಿದವನಾಗಿ ನನಗೂ ಇದು ತಿಳಿದ ವಿಷಯ. ನನ್ನ ಕೈ ಹಿಡಿದುಕೊಂಡು ಆಣೆ ಹಾಕಿಸಿಕೊಂಡರು.

“ಅವನನ್ನ ಕರ್ಕೊಂಬನ್ನಿ. ಯಾಕೆ ಅಂತ ಮಾತ್ರ ಹೇಳ್ಬೇಡಿ.”

ಮಾರ್ಚ್ ಒಂದಕ್ಕೆ ಇಪ್ಪತ್ತು ದಿನ. ಅಷ್ಟರೊಳಗೆ ಅವನು ಬಂದು ಒಂದೇ ಒಂದು ಕಂದನ್ನು ಕಡಿದರೆ ಸಾಕು. ಸಂಪ್ರದಾಯವೂ ಉಳಿಯುತ್ತದೆ, ಪುಟ ಹತ್ತೊಂಬತ್ತೂ ಉಳಿಯುತ್ತದೆ. ಮಂತ್ರಿಯೇ ತನ್ನ ತಾಯಿಯ ತೋಟದಲ್ಲಿ ಹಾಗೆ ಮಾಡಿದ ಮೇಲೆ ಈ ಗುಡ್ಡದ ತೋಟಗಳನ್ನು ಯಾರು ಕೀಳುತ್ತಾರೆ?

ಫೆಬ್ರವರಿ 12, ಬುಧವಾರ

ಪತ್ರ ಬರೆದೆ. ಐದು ಸಲ ಹರಿದು ಆರನೆಯದನ್ನು ಕಳುಹಿಸಿದೆ. ಕಾರಣ ಹೇಳದೆ ಕರೆಯುವ ಪತ್ರವನ್ನು ಬರೆಯುವುದು ಹೇಗೆಂದು ನಲವತ್ತು ವರ್ಷದಲ್ಲಿ ಯಾವ ಮಕ್ಕಳಿಗೂ ಕಲಿಸಿಲ್ಲ.

ಫೆಬ್ರವರಿ 15, ಶನಿವಾರ

ಉತ್ತರವಿಲ್ಲ. ಫೋನ್ ಮಾಡಿದೆ. ಮಂತ್ರಿಯ ಕಾರ್ಯದರ್ಶಿ ನನ್ನ ಹೆಸರಿನ ಅಕ್ಷರಗಳನ್ನು ಮೂರು ಸಲ ಹೇಳಿಸಿಕೊಂಡು ಮೂರು ಸಲವೂ ತಪ್ಪಾಗಿ ಬರೆದುಕೊಂಡಳು.

ಹಳ್ಳಿಯ ಅಧ್ಯಕ್ಷ ಕಲ್ಯಾಂಗೊ ಪಟ್ಟಿ ಹಿಡಿದು ಮನೆ ಮನೆ ತಿರುಗುತ್ತಿದ್ದಾನೆ. ಯಾರ ತೋಟದಲ್ಲಿ ರೋಗ, ಯಾರದರಲ್ಲಿ ಇಲ್ಲ. ಇವನಿಗೂ ಪಾಠ ಹೇಳಿದ್ದೆ, ಭಾಗಾಕಾರ ಹತ್ತಲಿಲ್ಲ. ಬಾವಿಯ ಬಳಿ ನಾಲ್ಕು ಜನರ ಮುಂದೆ ನನ್ನನ್ನು ನಿಲ್ಲಿಸಿದ.

“ಮಂತ್ರಿ ತಾಯಿ ತೋಟಕ್ಕೆ ರೋಗಾನೂ ಅಪ್ಪಣೆ ಕೇಳ್ಕೊಂಡೇ ಬರುತ್ತೆ ಅಂತ ಕಾಣುತ್ತೆ, ಅಲ್ವಾ ಮೇಷ್ಟ್ರೇ? ನೀವು ಪಕ್ಕದಲ್ಲೇ ಇದ್ದೀರಿ. ಬೇಲಿಯಾಚೆ ಏನಾದ್ರೂ ಕಂಡ್ರೆ ನಿಮ್ಮ ಕೆಂಪು ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ ಕಳಿಸಿ.”

ಎಲ್ಲರೂ ನಕ್ಕರು. ನಾನೇನೂ ಕಂಡಿಲ್ಲ ಎಂದೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ನೀರಿನ ಕೊಡ ಹೊತ್ತ ಹೆಂಗಸರ ಮುಂದೆ, ನೇರ ಸುಳ್ಳು.

ಫೆಬ್ರವರಿ 18, ಮಂಗಳವಾರ. ಸಂಜೆ

ರಾಜಧಾನಿ ಕಂಪಾಲಾದಿಂದ ಈಗ ಬಂದೆ. ವ್ಯಾನಿನಲ್ಲಿ ಹದಿನಾಲ್ಕು ಜನರ ಜಾಗದಲ್ಲಿ ಇಪ್ಪತ್ತು ಜನ, ಎರಡು ಕೋಳಿ.

ಮಂತ್ರಿಯ ಕಚೇರಿಯ ಹೊರಗೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂತೆ. ಕೊನೆಗೆ ಅವನೇ ಹೊರಬಂದು ನನ್ನನ್ನು ಕಂಡು ಓಡಿಬಂದ. ಎರಡೂ ಕೈಯಿಂದ ನನ್ನ ಕೈ ಹಿಡಿದ. ಬಡವಾಗಿದ್ದಾನೆ. ಕೋಟು ಹೆಗಲಿಂದ ಜೋತಾಡುತ್ತಿತ್ತು. ತಾವು ಎನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ನೀನು ಎಂದೇ.

“ಪುಟ ಹತ್ತೊಂಬತ್ತು ಬರೆದೋನು ಯಾರು?” ಎಂದೆ. ಬೇರೆ ಪೀಠಿಕೆ ಹೊಳೆಯಲಿಲ್ಲ.

“ನಾನೇ, ಮೇಷ್ಟ್ರೇ. ವ್ಯಾಕರಣ ನಿಮ್ದು.” ನಗಲು ನೋಡಿದ.

“ಅದು ಸುಳ್ಳಾಯ್ತಾ?”

“ಇಲ್ಲ. ಈಗ್ಲೂ ನಿಜ. ಆದ್ರೆ ಹಾಗೆ ಮಾಡೋಕೆ ಒಂದೊಂದು ತೋಟಕ್ಕೂ ವಾರ ವಾರ ಒಬ್ಬ ಮನುಷ್ಯ ಹೋಗ್ಬೇಕು. ಒಂದು ವರ್ಷ ಹೋಗ್ಬೇಕು. ಅಂಥೋರನ್ನ ಕೊಡಿ ಅಂತ ಕೇಳ್ದೆ, ಕೊಡಲಿಲ್ಲ. ಗುಂಡಿ ತೋಡೋರನ್ನ ಕೊಟ್ರು. ಎಷ್ಟು ಎಕರೆ ಕಿತ್ತಿರಿ ಅಂತ ಕೇಳ್ತಾರೆ, ಮೇಷ್ಟ್ರೇ. ಎಷ್ಟು ಗಿಡ ಉಳಿಸಿದಿರಿ ಅಂತ ಆ ಮೇಜಿನ ಸುತ್ತ ಯಾರೂ ಕೇಳಲ್ಲ.”

ಹಾಗಾದರೆ ಆ ಮೇಜು ಬಿಟ್ಟು ಏಳು ಎಂದೆ. ತಾನು ಎದ್ದರೆ ಬಾಳೆಗೂ ಜೋಳಕ್ಕೂ ವ್ಯತ್ಯಾಸ ತಿಳಿಯದ ಒಬ್ಬ ಆ ಕುರ್ಚಿಯಲ್ಲಿ ಕೂರುತ್ತಾನೆ, ಅವನು ಆರು ಜಿಲ್ಲೆ ಕೀಳಿಸುತ್ತಾನೆ, ತಾನು ಎರಡಕ್ಕೆ ನಿಲ್ಲಿಸಿದ್ದೇನೆ ಎಂದ. ಈ ಲೆಕ್ಕವನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿರಬೇಕು. ಬಾಯಿಪಾಠವಾಗಿತ್ತು.

“ಶನಿವಾರ ಊರಿಗೆ ಬಾ,” ಎಂದೆ. “ಒಬ್ನೇ ಬಾ. ನಿಮ್ಮಮ್ಮ ನಿನ್ನ ನೋಡ್ಬೇಕಂತೆ.”

ಯಾಕೆ ಎಂದು ಕೇಳಲಿಲ್ಲ. ಕಿಟಕಿಯಾಚೆ ಎಲೆ ಎಣಿಸುತ್ತಿದ್ದಾಗಿನ ಅದೇ ಕಣ್ಣಿಂದ ನನ್ನನ್ನು ನೋಡಿದ.

“ಯಾವ ಗಿಡ, ಮೇಷ್ಟ್ರೇ?”

ನಾನು ಆಣೆ ಮುರಿಯಲಿಲ್ಲ. ಆದರೆ ಅವನ ಕೈ ತಾನಾಗಿ ಹೊಕ್ಕುಳ ಮೇಲೆ ಹೋಯಿತು. ಕಾಣದವನಂತೆ ಕನ್ನಡಕ ಒರೆಸಿಕೊಂಡೆ.

ಶನಿವಾರ ಬರುತ್ತೇನೆ ಎಂದ. ಮಾತು ಕೊಟ್ಟಿದ್ದಾನೆ.

ಫೆಬ್ರವರಿ 22, ಶನಿವಾರ

ಅಕ್ಕ ಬೆಳಿಗ್ಗೆಯೇ ಕೋಳಿಯನ್ನು ಎಲೆಯಲ್ಲಿ ಕಟ್ಟಿ ಬೇಯಲಿಟ್ಟರು. ಅಂಗಳ ಗುಡಿಸಿ, ಚಾಪೆ ಹಾಸಿ, ಬಾಗಿಲಲ್ಲಿ ಕೂತರು. ಕತ್ತಿಯನ್ನು ಕಲ್ಲಿಗೆ ಮಸೆದು ಮಡಿಲಲ್ಲಿಟ್ಟುಕೊಂಡಿದ್ದರು.

ನಾಲ್ಕು ಗಂಟೆಗೆ ಕಾರು ಬಂತು. ಒಳಗೆ ಡ್ರೈವರ್, ಒಂದು ಮೂಟೆ ಸಕ್ಕರೆ, ಒಂದು ಪೆಟ್ಟಿಗೆ ಸೋಪು. ಮಂತ್ರಿಗಳಿಗೆ ಸಭೆಯಿದೆ, ಮಾರ್ಚ್ ಒಂದಕ್ಕೆ ಖಂಡಿತ ಬರುತ್ತಾರೆ ಎಂದ. ಕೋಳಿಯನ್ನು ಅವನಿಗೇ ಬಡಿಸಿದರು.

ಮಾರ್ಚ್ ಒಂದು. ತೋಟ ಕೀಳುವವರು ಬರುವ ದಿನ. ಅವನು ಅಂದೇ ಬರುತ್ತಾನೆಂದರೆ ತಡೆಯಲೆಂದೇ ಬರುತ್ತಾನೆ. ಹೀಗೆ ಅಕ್ಕನಿಗೆ ಹೇಳಿದೆ. ಹೇಳುವಾಗ ನಂಬಿದ್ದೆ.

ಫೆಬ್ರವರಿ 27, ಗುರುವಾರ

ಪುಟ ಹತ್ತೊಂಬತ್ತನ್ನು ದಪ್ಪ ಅಕ್ಷರದಲ್ಲಿ ನಕಲು ಮಾಡಿ ಶಾಲೆಯ ಗೋಡೆಗೆ ಹಚ್ಚಿದೆ. ಸಂಜೆಗೆ ಕಲ್ಯಾಂಗೊ ಕಿತ್ತಿದ್ದ. ಮತ್ತೆ ಹಚ್ಚಿದೆ.

ಮಾರ್ಚ್ 1, ಶನಿವಾರ. ಸಂಜೆ

ಬಂದ.

ಮೂರು ಕಾರು, ಒಂದು ಲಾರಿ. ಲಾರಿಯಲ್ಲಿ ಗುದ್ದಲಿ ಹಿಡಿದ ಇಪ್ಪತ್ತು ಮಂದಿ. ಕ್ಯಾಮೆರಾದವರು ನಾಲ್ವರು. ಗುಡ್ಡದವರೆಲ್ಲ ನಬುಕೇರಾ ಅಕ್ಕನ ಬೇಲಿಯ ಸುತ್ತ ನೆರೆದರು. ಮೊದಲು ಇಲ್ಲಿಂದಲೇ ಎಂಬ ಸುದ್ದಿ ಬೆಳಿಗ್ಗೆಯೇ ಹರಡಿತ್ತು. ಕಲ್ಯಾಂಗೊ ಕೋಟು ಹಾಕಿದ್ದ.

ಲುಬ್ವಾಮಾ ತೋಟದ ಅಂಚಿನಲ್ಲಿ ಬೂಟು ಬಿಚ್ಚಿದ. ಕ್ಯಾಮೆರಾದವರನ್ನು ಅಲ್ಲಿಯೇ ನಿಲ್ಲಿಸಿದ. ತಾಯಿ ಮಂಡಿಯೂರಿ ಕತ್ತಿ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡ. ತೊಗಟೆಯ ಬಟ್ಟೆ ಸರಿಸಿದ. ತನ್ನ ಗಿಡವನ್ನು ನೋಡುತ್ತ ತುಂಬ ಹೊತ್ತು ನಿಂತ. ಆಮೇಲೆ ಒಣಗಿದ ಎಲೆಗಳನ್ನು ರಾಶಿ ಹಾಕಿ ಬೆಂಕಿ ಹಚ್ಚಿ, ಕತ್ತಿಯ ಅಲಗನ್ನು ಅದಕ್ಕೆ ಹಿಡಿದ. ಒಂದು ಮಗ್ಗುಲು, ಇನ್ನೊಂದು ಮಗ್ಗುಲು. ರೋಗದ ಕಂದನ್ನು ನೆಲಮಟ್ಟಕ್ಕೆ ಕಡಿದ. ಅದೊಂದನ್ನೇ. ಮತ್ತೆ ಕತ್ತಿಯನ್ನು ಬೆಂಕಿಗೆ ಹಿಡಿದ. ಪುಟ ಹತ್ತೊಂಬತ್ತರ ಒಂದಕ್ಷರವೂ ತಪ್ಪಲಿಲ್ಲ.

ಅಕ್ಕನ ಗಂಟಲಿಂದ ಸಣ್ಣಗೆ ಉಲಿ ಹೊರಟಿತು, ಮಗು ಹುಟ್ಟಿದಾಗ ಹೆಂಗಸರು ಹಾಕುವ ಉಲಿ. ಬೇಲಿಯಾಚೆ ಇನ್ನಿಬ್ಬರು ದನಿಗೂಡಿಸಿದರು. ತೋಟ ಉಳಿಯಿತು ಎಂದುಕೊಂಡೆ. ಇಲ್ಲಿ ಬರೆಯಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಯೂ ಆಗಿತ್ತು.

ಅವನು ತಾಯಿಗೆ ಕತ್ತಿ ಹಿಂದಿರುಗಿಸಿದ. ಬೇಲಿಯ ಬಳಿ ಬಂದು ಬೂಟು ಹಾಕಿಕೊಂಡ. ದಾರ ಕಟ್ಟಿದ. ಲಾರಿಯವರತ್ತ ತಿರುಗಿದ.

“ಶುರು ಮಾಡಿ.”

ಸಂಜೆ ಐದರವರೆಗೆ ಕಿತ್ತರು. ನೂರ ನಲವತ್ತಮೂರು ಬುಡ. ಅದರಲ್ಲಿ ರೋಗವಿದ್ದದ್ದು ಒಂಬತ್ತು, ಅಂದಿಗಿಂತ ಒಂದು ಹೆಚ್ಚು, ನಾನು ಎಣಿಸಿದ್ದೇನೆ. ಮಾಸಿನ ಬಾಳೆಯ ಬುಡವನ್ನು ಕೊನೆಗೆ ಕಿತ್ತರು. ಆಗ ಅವನು ಮೊದಲ ಗುದ್ದಲಿ ತಾನೇ ಹಾಕಿದ. ಕ್ಯಾಮೆರಾದವರನ್ನು ಆಗ ಒಳಗೆ ಬಿಟ್ಟಿದ್ದರು.

ಹೊರಡುವಾಗ ನನ್ನ ಬಳಿ ಬಂದ.

“ನಮ್ಮಮ್ಮನ ತೋಟ ಬಿಟ್ಟು ಬೇರೆಯೋರದ್ದನ್ನ ಹೇಗೆ ಕೀಳ್ಲಿ, ಮೇಷ್ಟ್ರೇ? ಒಬ್ರಿಗೊಂದು ನ್ಯಾಯ ಇನ್ನೊಬ್ರಿಗೊಂದು ನ್ಯಾಯ ಇರಬಾರ್ದು ಅಂತ ಬೆತ್ತ ಹಿಡ್ಕೊಂಡು ಕಲಿಸಿದೋರು ನೀವೇ ಅಲ್ವಾ.”

ಹಾಗಾದರೆ ಯಾರದನ್ನೂ ಕೀಳಬಾರದಾಗಿತ್ತು. ಈ ಉತ್ತರ ನನಗೆ ಹೊಳೆದದ್ದು ಕಾರು ತಿರುವು ದಾಟಿದ ಮೇಲೆ.

ಅವನನ್ನು ಕರೆತಂದವನು ನಾನು.

ಮಾರ್ಚ್ 2, ಭಾನುವಾರ

ಪತ್ರಿಕೆಯ ಮುಖಪುಟದಲ್ಲಿ ಚಿತ್ರ. ‘ಹೆತ್ತಮ್ಮನ ತೋಟವನ್ನೂ ಬಿಡದ ಮಂತ್ರಿ.’ ಒಳಗೆ ಹೊಗಳಿಕೆ. ಮುಂದೆ ಇನ್ನೂ ದೊಡ್ಡ ಹುದ್ದೆಯಂತೆ. ಭಾಷೆಯ ತಪ್ಪುಗಳಿವೆ. ಸುತ್ತು ಹಾಕಲಿಲ್ಲ.

ಅಕ್ಕ ಬಯಲಿನ ನಡುವೆ ಕೂತಿದ್ದಾರೆ. ಇಲ್ಲಿಂದ ಅವರ ಮನೆಯ ಹಿಂಗೋಡೆ ಕಾಣುತ್ತಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಕಂಡೆ. ಲೊವಿಸಾ ಊಟ ಒಯ್ದಳು. ಉಣ್ಣಲಿಲ್ಲವಂತೆ. ಒಂದೇ ಮಾತು ಹೇಳಿದರಂತೆ:

“ಕತ್ತೀನ ಬೆಂಕಿಗೆ ಹಿಡಿದ ನೋಡಿದ್ಯಾ, ಲೊವಿಸಾ. ಎರಡು ಸಲ. ಅವನು ಏನೂ ಮರೆತಿಲ್ಲ.”

ಮಾರ್ಚ್ 4, ಮಂಗಳವಾರ

ಪುಟ ಹತ್ತೊಂಬತ್ತನ್ನು, ಬರೆದವನ ಹೆಸರಿನ ಸಮೇತ, ಮೂರು ಪತ್ರಿಕೆಗಳಿಗೆ ಕಳುಹಿಸಿದೆ. ನನ್ನ ಶಿಷ್ಯನ ವಿರುದ್ಧ ಅವನದೇ ಬರಹ. ಕಳುಹಿಸುವ ಮೊದಲು ಅಕ್ಕನ ಅನುಮತಿ ಕೇಳಿದೆ.

“ಮಂತ್ರಿಗಳ ವಿಷಯ ನನ್ನ ಯಾಕೆ ಕೇಳ್ತೀರಿ, ಮೇಷ್ಟ್ರೇ? ಅವರು ದೊಡ್ಡೋರು,” ಎಂದರು. ಮೊನ್ನೆಯವರೆಗೆ ಅವನು ಎನ್ನುತ್ತಿದ್ದರು.

ಶನಿವಾರ ನಮ್ಮ ಸಾಲಿನ ತೋಟಗಳ ತಪಾಸಣೆ. ಕಲ್ಯಾಂಗೊ ಹೇಳಿ ಹೋದ. ಹೊಸದಾಗಿ ಕಡಿದ ಬುಡ ಕಂಡರೂ ರೋಗವೆಂದೇ ಬರೆದುಕೊಳ್ಳುತ್ತಾರಂತೆ.

ಮಾರ್ಚ್ 6, ಗುರುವಾರ

ಅಡುಗೆಮನೆಯ ಹಿಂದೆ ಸಾಮುವೇಲಿಯ ಬಾಳೆ ಇದೆ. ನಮ್ಮ ಹಿರಿಯ ಮಗ. ಒಂಬತ್ತು ವರ್ಷದವನಿದ್ದಾಗ ದಡಾರದಲ್ಲಿ ಹೋದ. ನಲವತ್ತೊಂದು ವರ್ಷವಾಯಿತು. ಅವನ ಮಾಸಿನ ಬಾಳೆ ಮಾತ್ರ ಕಂದಿನಿಂದ ಕಂದಾಗಿ ನಿಂತಿದೆ. ಅದರ ಗೊನೆಯ ಮೊದಲ ಕಾಯನ್ನು ಲೊವಿಸಾ ಪ್ರತಿ ಸಲ ಒಬ್ಬಳೇ ಕೂತು ತಿನ್ನುತ್ತಾಳೆ. ಬೆಳಗಿನ ಮೊದಲ ಎಲೆಯನ್ನೂ ಅದರಿಂದಲೇ ಕೊಯ್ಯುತ್ತಾಳೆ — ಮಗ ಬಡಿಸಿದಂತೆ ಎನ್ನುತ್ತಾಳೆ.

ಇಂದು ಅದರ ಒಂದು ಕಂದಿನಲ್ಲಿ ಹಳದಿ ಎಲೆ.

ಹಿಡಿ ಸೀಳಿದ ಕತ್ತಿ. ಹೊತ್ತಿಗೆ ಹಾಕಿಸದ ಹಿಡಿ. ಅಕ್ಕನ ಕತ್ತಿಯನ್ನು ನಾವು ತಂದು ಬಳಸಿದ್ದು ಎರಡು ವಾರ. ಫೆಬ್ರವರಿ ಒಂಬತ್ತರಂದು ಆ ಕೀವನ್ನು ಕಂಡಾಗ ಅವರ ಏಳು ಗಿಡ ಎಣಿಸಿದೆ. ಮರುದಿನವೇ ಹೊಸ ಹಿಡಿ ಹಾಕಿಸಿದೆ. ನಮ್ಮ ತೋಟದ ನೆನಪು ಬರಲಿಲ್ಲ. ಜೀವಮಾನವಿಡೀ ಬೇರೆಯವರ ತಪ್ಪಿಗೆ ಸುತ್ತು ಹಾಕಿದವನು.

ಮಾರ್ಚ್ 7, ಶುಕ್ರವಾರ

ಸರಿಯಾದ ದಾರಿ ಗೊತ್ತು. ಮಗ ಇಲ್ಲ, ನನ್ನ ತಾಯಿ ಇಲ್ಲ. ಹಾಗಿದ್ದಾಗ ಕಡಿಯುವ ಹಕ್ಕು ಹೆತ್ತವಳದು. ಲೊವಿಸಾಳಿಗೆ ಹೇಳಬೇಕು. ಅವಳು ಆ ಕಂದನ್ನು ಕಡಿಯಬೇಕು. ಕಡಿದರೆ ನಾಳೆ ಆ ಬುಡ ಕಾಣುತ್ತದೆ. ಕಂಡರೆ ಇಡೀ ತೋಟ. ಸಾಮುವೇಲಿಯ ಬುಡವೂ.

ಕಡಿಯದಿದ್ದರೆ ರೋಗ ಹರಡುತ್ತದೆ. ಹರಡಿದರೂ ಇಡೀ ತೋಟ.

ಪತ್ರಿಕೆಗಳಲ್ಲಿ ಏನೂ ಬಂದಿಲ್ಲ. ಲುಬ್ವಾಮಾನಿಗೆ ಫೋನ್ ಮಾಡಿದೆ. ಈ ಸಲ ಅವನೇ ಎತ್ತಿದ. ನನ್ನ ಹೆಸರು ಹೇಳಿದೆ, ಅಷ್ಟೇ. “ಯಾವ ಗಿಡ, ಮೇಷ್ಟ್ರೇ?” ಎಂದ.

ಫೋನ್ ಇಟ್ಟೆ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 6.30

ಲೊವಿಸಾ ಏಳುವ ಮೊದಲೇ ತೋಟಕ್ಕೆ ಹೋದೆ. ಹಳದಿ ಎಲೆ ನಿನ್ನೆ ಒಂದಿತ್ತು, ಇಂದು ಎರಡು. ಎರಡನ್ನೂ ಕತ್ತಿಯಿಂದ ಸವರಿದೆ. ಅಂಗಿಯ ಒಳಗೆ ಮಡಚಿ ತಂದೆ. ಈಗ ಮೇಜಿನ ಖಾನೆಯಲ್ಲಿವೆ, ಅವನ ಪುಸ್ತಕದ ಮೇಲೆ. ಕೈಗೆ ಅಂಟು. ಈ ಪುಟಕ್ಕೂ ತಾಗಿದೆ.

ಅಕ್ಕ ಮಾಡಿದ್ದನ್ನೇ ಮಾಡಿದ್ದೇನೆ, ಎಲ್ಲವೂ ಗೊತ್ತಿದ್ದು.

ಇವತ್ತೊಂದು ದಿನ ದಾಟಿದರೆ ಸಾಕು. ಅವರು ನೋಡಿ ಹೋಗಲಿ. ಆಮೇಲೆ ಅವಳಿಗೆ ಹೇಳುತ್ತೇನೆ, ಬೆಂಕಿ ಹಚ್ಚುತ್ತೇನೆ, ಪುಟ ಹತ್ತೊಂಬತ್ತರಂತೆ ಒಂದೊಂದನ್ನೂ...

ಕೆಳಗೆ ತಿರುವಿನಲ್ಲಿ ಲಾರಿಯ ಸದ್ದು. ಬೇಗ ಬಂದರು.

ಲೊವಿಸಾ ಎದ್ದಿದ್ದಾಳೆ. ಒಲೆ ಹಚ್ಚುವ ಮೊದಲೇ ಎಲೆ ತಂದುಬಿಡುತ್ತಾಳಂತೆ, ಬಂದವರಿಗೂ ಬೇಯಿಸಬೇಕಲ್ಲ ಎನ್ನುತ್ತಾಳೆ. ಕತ್ತಿ ಎಲ್ಲಿ ಎಂದು ಅಡುಗೆಮನೆಯಿಂದ ಕೇಳುತ್ತಿದ್ದಾಳೆ. ಕತ್ತಿ ನನ್ನ ಮುಂದಿದೆ. ಬೆಂಕಿಗೆ ಹಿಡಿದಿಲ್ಲ. ಈಗ ಬಾಗಿಲಿಗೆ ಬಂದಳು, ಕೈ ಚಾಚಿದ್ದಾಳೆ, ನಾನು —